ಕಾರ್ಕಳ: ಪಾದೆಯ ಮೇಲಿನ ರಾಜಧಾನಿ

ಕಾರ್ಕಳ ಉಡುಪಿ ಜಿಲ್ಲೆಯ ತಾಲ್ಲೂಕು ಕೇಂದ್ರ, ಪುರಸಭೆಯಿರುವ ಪಟ್ಟಣ, ಒಂದು ಕಾಲಕ್ಕೆ ಭೈರರಸ ಒಡೆಯರ ರಾಜಧಾನಿ. ಪಶ್ಚಿಮಘಟ್ಟದ ಬುಡದಲ್ಲಿ, ಕುದುರೆಮುಖದ ಕಾಡಿಗೂ ಅರಬ್ಬೀ ಸಮುದ್ರಕ್ಕೂ ನಡುವೆ, ಬೋಳು ಬಂಡೆಗುಡ್ಡಗಳ ಮಗ್ಗುಲಿಗೆ ಹರಡಿಕೊಂಡಿದೆ. ತುಳು ಮಾತಾಡುವ ಊರಿನವರ ಬಾಯಲ್ಲಿ ಇದು ‘ಕಾರ್ಲ’. ಹಳೆಯ ಬರಹಗಳಲ್ಲಿ ಪಾಂಡ್ಯನಗರಿ ಎಂಬ ಹೆಸರೂ ಸಿಗುತ್ತದೆ. ಕರಾವಳಿ ಹೆದ್ದಾರಿಯ ಕಟಪಾಡಿಯಲ್ಲಿ ಪೂರ್ವಕ್ಕೆ ತಿರುಗಿ, ಶಂಕರಪುರದ ಮಲ್ಲಿಗೆ ತೋಟಗಳನ್ನು ಹಾದು, ಬಂಟಕಲ್ಲು, ಶಿರ್ವ ದಾಟಿ, ಬೆಳ್ಮಣ್ಣಿನಲ್ಲಿ ಪಡುಬಿದ್ರಿ–ಕಾರ್ಕಳ ರಸ್ತೆಯನ್ನು ಕೂಡಿ ನಿಟ್ಟೆಯ ಮೇಲಾಗಿ ಬಂದರೆ ನೆಲ ಮೆಲ್ಲಗೆ ಏರುವುದು ಗೊತ್ತಾಗುತ್ತದೆ. ತೆಂಗು ವಿರಳವಾಗಿ ಗೇರು ಹೆಚ್ಚುತ್ತದೆ. ಮಳೆಗೆ ಕಪ್ಪಾದ ಪಾದೆಗಳು ರಸ್ತೆಯ ಅಂಚಿಗೇ ಬಂದು ನಿಲ್ಲುತ್ತವೆ.

ಈ ಪಾದೆಗಳಿಲ್ಲದೆ ಕಾರ್ಕಳದ ಚರಿತ್ರೆಯಿಲ್ಲ. ಊರಿನ ಹೆಸರನ್ನು ‘ಕರಿಕಲ್ಲು’ ಎಂಬುದರಿಂದ ಹೊರಡಿಸುವ ರೂಢಿಯೂ ಇದೆ. ಇಲ್ಲಿ ಆಳಿದವರು ಕಲ್ಲಿನಲ್ಲಿ ಕಟ್ಟಿಸಿದರು, ಕಲ್ಲಿನ ಮೇಲೆ ಬರೆಸಿದರು. ಆದರೆ ಕಲ್ಲು ಕಡಿದವರ ಮಾತು ಶಾಸನಕ್ಕೆ ಇಳಿಯದೆ ಪಾಡ್ದನದಲ್ಲಿ, ಅಂದರೆ ತುಳು ಕಥನಗೀತೆಯಲ್ಲಿ, ಉಳಿಯಿತು. ಹೀಗೆ ಕಾರ್ಕಳಕ್ಕೆ ಎರಡು ಚರಿತ್ರೆಗಳಿವೆ. ಒಂದನ್ನು ಶಾಸನತಜ್ಞರು ಓದುತ್ತಾರೆ, ಇನ್ನೊಂದನ್ನು ಕೋಲದ ರಾತ್ರಿಯಲ್ಲಿ ಹಾಡುತ್ತಾರೆ. ಎರಡೂ ಒಂದೇ ಮೂರ್ತಿಯ ಸುತ್ತ ಹೆಣೆದುಕೊಂಡಿದ್ದರೂ ಹೇಳುವ ಕತೆ ಒಂದೇ ಅಲ್ಲ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಭೈರರಸರ ಮೂಲ ಘಟ್ಟದ ಮೇಲಿನದು. ಶಿವಮೊಗ್ಗ ಜಿಲ್ಲೆಯ ಹುಂಚದ, ಅಂದರೆ ಹಿಂದಿನ ಪೊಂಬುಚ್ಚದ, ಸಾಂತರ ವಂಶಕ್ಕೆ ಸೇರಿದವರೆಂದು, ಜಿನದತ್ತರಾಯನ ಪೀಳಿಗೆಯವರೆಂದು ಅವರು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಮನೆತನದ ಒಂದು ಕವಲು ಕಳಸದಲ್ಲಿ ನೆಲೆಯೂರಿ, ಮೆಲ್ಲಮೆಲ್ಲನೆ ಘಟ್ಟ ಇಳಿದು, ಕೆರ್ವಾಶೆಯ ಮೂಲಕ ಕಾರ್ಕಳಕ್ಕೆ ಬಂತು. ಚರಿತ್ರಕಾರರು ಈ ರಾಜ್ಯವನ್ನು ಕಳಸ–ಕಾರ್ಕಳ ರಾಜ್ಯವೆಂದು ಜೋಡಿ ಹೆಸರಿನಲ್ಲಿ ಕರೆಯುವುದು ಅದಕ್ಕೇ. ಮೇಲೆ ಮೆಣಸು, ಅಡಕೆ, ಏಲಕ್ಕಿ ಬೆಳೆಯುವ ಮಲೆನಾಡು. ಕೆಳಗೆ ಭತ್ತದ ಗದ್ದೆಗಳು, ಅದರಾಚೆ ಬಂದರುಗಳು. ನಡುವಿನ ಘಾಟಿ ದಾರಿಗಳು ಯಾರ ಕೈಯಲ್ಲಿದ್ದವೋ ಅವರಿಗೆ ಎರಡೂ ಕಡೆಯ ಸುಂಕ. ವಿಜಯನಗರದ ಅಧಿಕಾರಿಗಳು ಬಾರಕೂರು, ಮಂಗಳೂರುಗಳಲ್ಲಿ ಕೂತು ತುಳುನಾಡನ್ನು ನೋಡಿಕೊಳ್ಳುತ್ತಿದ್ದಾಗ ಭೈರರಸರು ಸಾಮ್ರಾಟರಿಗೆ ತಲೆಬಾಗಿಯೂ ತಮ್ಮ ಸೀಮೆಯಲ್ಲಿ ತಾವೇ ಒಡೆಯರಾಗಿ ನಡೆದುಕೊಂಡರು.

ಮತ ಜೈನ, ಬಾಳುವೆ ತುಳುವ ಎಂಬ ಹದ ಅವರದು. ಪಟ್ಟ ತಂದೆಯಿಂದ ಮಗನಿಗಲ್ಲ, ಮಾವನಿಂದ ಅಳಿಯನಿಗೆ ದಾಟುವ ಅಳಿಯಸಂತಾನವನ್ನು ಅವರು ಪಾಲಿಸಿದರು. ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸ ಹಿಂದಿನ ಅರಸನ ತಂಗಿ ಗುಮ್ಮಟಾಂಬೆಯ ಮಗ. ರಾಣಿಯರು, ರಾಜಕುಮಾರಿಯರು ಕೊಟ್ಟ ದಾನಗಳು ಇಲ್ಲಿನ ಶಾಸನಗಳಲ್ಲಿ ಮತ್ತೆಮತ್ತೆ ಕಾಣಿಸುವುದಕ್ಕೆ ಈ ಕಟ್ಟಳೆಯೂ ಒಂದು ಕಾರಣವಿರಬೇಕು. ಹಿರಿಯಂಗಡಿಯ 1334ರ ಶಾಸನ ಲೋಕನಾಥರಸನ ಕಾಲದ್ದು. ಶಾಂತಿನಾಥ ಬಸದಿಗೆ ದಾನ ಬಿಟ್ಟವರಲ್ಲಿ ಬೊಮ್ಮಲದೇವಿ, ಸೋಮಲದೇವಿ ಎಂಬ ಅರಮನೆಯ ಸ್ತ್ರೀಯರಿದ್ದಾರೆ. ಊರ ಅಂಚಿನ ಆನೆಕೆರೆ ಇನ್ನೂ ಹಳೆಯದು. 1262ರಲ್ಲಿ ಪಾಂಡ್ಯದೇವನೆಂಬ ಅರಸ ಅದನ್ನು ತೋಡಿಸಿದನೆಂದು ಹೇಳುತ್ತಾರೆ. ಅರಮನೆಯ ಆನೆಗಳು ಮೀಯುತ್ತಿದ್ದ ಕೆರೆಯೆಂದು ಜನರ ನಂಬಿಕೆ. ಅದರ ನಡುವೆ ಒಂದು ಕೆರೆಬಸದಿ ಇದೆ. ಇನ್ನೊಂದು ದೊಡ್ಡ ಕೆರೆ ರಾಮಸಮುದ್ರ. ಬಂಡೆಯ ಊರಿನಲ್ಲಿ ಮಳೆನೀರು ನಿಲ್ಲದೆ ಓಡಿಹೋಗುತ್ತದೆ, ಅದನ್ನು ಹಿಡಿದಿಡುವುದು ರಾಜಧಾನಿಯ ಮೊದಲ ಕೆಲಸವಾಗಿತ್ತು.

1432

ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಈಗಿನ ಲೆಕ್ಕದಲ್ಲಿ 1432ರ ಫೆಬ್ರವರಿ 13. ಆ ದಿನ ವೀರಪಾಂಡ್ಯ ಭೈರರಸ ಊರ ದಕ್ಷಿಣದ ಬಂಡೆಗುಡ್ಡದ ಮೇಲೆ ಬಾಹುಬಲಿಯ ಮೂರ್ತಿಯನ್ನು ಪ್ರತಿಷ್ಠಾಪಿಸಿದ. ಎತ್ತರ ಸುಮಾರು 42 ಅಡಿ, ಏಕಶಿಲೆ. ಕರ್ನಾಟಕದ ಗೊಮ್ಮಟ ಮೂರ್ತಿಗಳಲ್ಲಿ ಶ್ರವಣಬೆಳಗೊಳದ್ದನ್ನು ಬಿಟ್ಟರೆ ಇದೇ ದೊಡ್ಡದು. ಮೂರ್ತಿಯ ಮಗ್ಗುಲಲ್ಲೇ ಇರುವ ಸಂಸ್ಕೃತ, ಕನ್ನಡ ಶಾಸನಗಳು ಅರಸನನ್ನು ಹೆಸರಿಸುತ್ತವೆ. ಹೀಗೆ ಮಾಡೆಂದು ಉಪದೇಶಿಸಿದ ಪನಸೋಗೆ ಬಳಿಯ ದೇಶೀಗಣದ ಲಲಿತಕೀರ್ತಿ ಮುನಿಯನ್ನು ಹೆಸರಿಸುತ್ತವೆ. ಕಾರ್ಕಳದ ದಾನಶಾಲೆ ಜೈನ ಮಠದ ಭಟ್ಟಾರಕರಿಗೆ ಇಂದಿಗೂ ಲಲಿತಕೀರ್ತಿ ಎಂಬುದೇ ಪಟ್ಟದ ಹೆಸರು.

ಬೆಳಗೊಳದ ಗೊಮ್ಮಟನನ್ನು ಬೆಟ್ಟದ ನೆತ್ತಿಯ ಬಂಡೆಯಲ್ಲೇ, ಇದ್ದ ಜಾಗದಲ್ಲೇ ಬಿಡಿಸಿದ್ದು. ಕಾರ್ಕಳದ ಕತೆ ಬೇರೆ. ಬೇರೆಡೆ ಕೆತ್ತಿದ ಮೂರ್ತಿಯನ್ನು ಹಲವು ಗಾಲಿಗಳ ಬಂಡಿಗೇರಿಸಿ, ಜನ ಮಿಣಿ ಹಿಡಿದು ಗುಡ್ಡಕ್ಕೆ ಎಳೆದರೆಂದು 17ನೆಯ ಶತಮಾನದ ಕವಿ ಚಂದ್ರಮ ತನ್ನ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸುತ್ತಾನೆ. ಕವಿ ಘಟನೆಗಿಂತ ಇನ್ನೂರು ವರ್ಷ ಈಚಿನವನು, ಕಾವ್ಯದ ಅತಿಶಯಕ್ಕೆ ಒಂದಿಷ್ಟು ಕಳೆಯಬೇಕು. ಆದರೆ ಮೂರ್ತಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಸಾಧ್ಯತೆ ಹೊಳೆಯುತ್ತದೆ. ಪೀಠದ ಮೇಲೆ ನಿಲ್ಲಿಸಿದಂತೆಯೇ ಇದು ನಿಂತಿದೆ. ಬೆನ್ನಿಗೆ ಕಲ್ಲಿನ ಆಸರೆಯನ್ನು ಉಳಿಸಿಕೊಂಡು ಕೆತ್ತಿದ್ದಾರೆ. ತೊಡೆ ತೋಳುಗಳಿಗೆ ಮಾಧವೀಲತೆ ಸುತ್ತಿಕೊಂಡಿದೆ, ಕಾಲಬಳಿ ಹುತ್ತ, ಹಾವು. ಮುಖದಲ್ಲಿ ಬೆಳಗೊಳದ ಗೊಮ್ಮಟನ ಆ ನುಣುಪು ನಗೆ ಇಲ್ಲ. ಹೆಗಲು ಅಗಲ, ಮೈ ಗಿಡ್ಡ ಎಂದು ಕಲಾವಿಮರ್ಶಕರು ಆಕ್ಷೇಪಿಸಿದ್ದುಂಟು. ಈ ಹೋಲಿಕೆಯೇ ಅನ್ಯಾಯದ್ದು ಎಂದು ನನಗನಿಸುತ್ತದೆ. ಬೋಳುಗುಡ್ಡದ ಮೇಲೆ, ಹಿಂದೆ ನೀಲಿ ಘಟ್ಟದ ಸಾಲಿಟ್ಟುಕೊಂಡು ನಿಂತ ಮೈಗೆ ಈ ಗಡಸುತನವೇ ಒಪ್ಪುತ್ತದೆ.

ನಾಲ್ಕು ವರ್ಷದ ಮೇಲೆ, 1436ರಲ್ಲಿ, ಅದೇ ವೀರಪಾಂಡ್ಯ ಮೂರ್ತಿಯ ಎದುರು ಬ್ರಹ್ಮದೇವ ಸ್ತಂಭವನ್ನು ನಿಲ್ಲಿಸಿದ. ಅದೇ 1436ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಮಹಾಮಂದಿರದ ಗುಮ್ಮಟ ಮುಗಿದು ಪ್ರತಿಷ್ಠೆಯಾಯಿತು. ಅದನ್ನು ಕಟ್ಟಿದ ಬ್ರುನೆಲೆಸ್ಕಿಯನ್ನು ಆ ನಗರ ಅದೇ ಮಂದಿರದೊಳಗೆ ಸಮಾಧಿ ಮಾಡಿ ಗೌರವಿಸಿತು. ಕಾರ್ಕಳದ ಶಿಲ್ಪಿಯ ಹೆಸರು ಶಾಸನದಲ್ಲಿ ಇಲ್ಲ.

ಕಲ್ಕುಡನ ಕತೆ

ಪಾಡ್ದನದಲ್ಲಿ ಇದೆ. ತುಳುನಾಡಿನಾದ್ಯಂತ ಆರಾಧನೆಗೊಳ್ಳುವ ಕಲ್ಕುಡ–ಕಲ್ಲುರ್ಟಿ ದೈವಗಳ ಪಾಡ್ದನ ಒಬ್ಬ ಕಲ್ಲುಕುಟಿಗನ ಕತೆ. ತಂದೆ ಶಂಭುಕಲ್ಕುಡ ಬೆಳಗೊಳಕ್ಕೆ ಕೆಲಸಕ್ಕೆ ಹೋದವನು. ಮಗ ಬೀರಕಲ್ಕುಡ ಕಾರ್ಕಳಕ್ಕೆ ಬಂದು ಭೈರರಸನಿಗಾಗಿ ಗೊಮ್ಮಟನನ್ನು ಕಡಿಯುತ್ತಾನೆ. ಕೆಲಸ ಮುಗಿದು ಕೂಲಿ, ಉಡುಗೊರೆ ಕೇಳುವ ಹೊತ್ತಿಗೆ ಅರಸನ ಬುದ್ಧಿ ಕೆಡುತ್ತದೆ. ಇಂಥದ್ದು ಇನ್ನೊಬ್ಬರ ನಾಡಿನಲ್ಲಿ ಆಗಬಾರದೆಂದು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡ ಒಂದೇ ಕೈ ಒಂದೇ ಕಾಲಿನಲ್ಲಿ ವೇಣೂರಿಗೆ ಹೋಗಿ ಅಲ್ಲಿನ ಅಜಿಲ ಅರಸನಿಗೆ ಮತ್ತೊಬ್ಬ ಗೊಮ್ಮಟನನ್ನು ಕಡಿದುಕೊಡುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಸ್ಥಿತಿ ಕಂಡು ಕನಲುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ. ತಂಗಿ ಕಲ್ಲುರ್ಟಿಯ ಸಿಟ್ಟಿಗೆ ಕಾರ್ಕಳ ಉರಿಯುತ್ತದೆ, ಭೈರರಸನ ಮನೆತನ ತತ್ತರಿಸುತ್ತದೆ.

ಇಸವಿ ಹಿಡಿದು ನೋಡಿದರೆ ಕತೆ ನಿಲ್ಲುವುದಿಲ್ಲ. ವೇಣೂರಿನ 35 ಅಡಿಯ ಗೊಮ್ಮಟನನ್ನು ತಿಮ್ಮಣ್ಣ ಅಜಿಲ ಪ್ರತಿಷ್ಠಾಪಿಸಿದ್ದು 1604ರಲ್ಲಿ. ಕಾರ್ಕಳಕ್ಕೂ ಅದಕ್ಕೂ ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಲಾರ. ಆದರೆ ಪಾಡ್ದನ ಲೆಕ್ಕ ಹಾಕುವುದು ವರ್ಷಗಳನ್ನಲ್ಲ, ಬಾಕಿಯನ್ನು. ಕಾರ್ಕಳ, ವೇಣೂರುಗಳ ಪೈಪೋಟಿಯ ಇನ್ನೊಂದು ಐತಿಹ್ಯವೂ ಪ್ರಚಲಿತವಿದೆ: ವೇಣೂರಿನಲ್ಲಿ ಗೊಮ್ಮಟ ನಿಲ್ಲುವುದನ್ನು ಸಹಿಸದ ಕಾರ್ಕಳದ ಅರಸ ಮೂರ್ತಿಯನ್ನು ತನಗೊಪ್ಪಿಸೆಂದು ದಂಡೆತ್ತಿ ಬಂದ, ಅಜಿಲ ಅದನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತು ಕಾಪಾಡಿಕೊಂಡ. ಎರಡು ಕತೆಗಳಲ್ಲೂ ಕಾರ್ಕಳದ ಅರಸನಿಗೆ ಒಂದೇ ಗುಣ, ತನ್ನಲ್ಲಿರುವುದು ಬೇರೆಯವರಲ್ಲಿರಬಾರದು ಎಂಬ ಹಟ. ಎಲ್ಲವನ್ನೂ ತೊರೆದು ನಿಂತ ಬಾಹುಬಲಿಯ ಮೂರ್ತಿಯ ಬುಡದಲ್ಲೇ ಇಂಥ ಕತೆ ಹುಟ್ಟಿದ್ದನ್ನು ಜನರ ವ್ಯಂಗ್ಯವೆಂದು ಓದಬಹುದು.

ವಸಾಹತು ಕಾಲದ ಅಧಿಕಾರಿ ಎ.ಸಿ. ಬರ್ನೆಲ್ ಈ ಎರಡೂ ಚರಿತ್ರೆಗಳನ್ನು ಮುಟ್ಟಿದವನು. ಕಾರ್ಕಳದ ಮೂರ್ತಿಯ ಕುರಿತು 1873ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದ. ಅವನ ಸಂಗ್ರಹದಲ್ಲಿದ್ದ ತುಳು ಪಾಡ್ದನಗಳು, ಕಲ್ಕುಡನದೂ ಸೇರಿ, ಅವನು ತೀರಿಕೊಂಡ ಮೇಲೆ ಅದೇ ಪತ್ರಿಕೆಯಲ್ಲಿ ಬೆಳಕಿಗೆ ಬಂದವು. ಆಮೇಲೆ ಶಾಸನವನ್ನು ಓದಿದವರು ಒಂದು ಕಡೆಯಾದರು, ಪಾಡ್ದನವನ್ನು ಓದಿದವರು ಇನ್ನೊಂದು ಕಡೆಯಾದರು. ಕಾರ್ಕಳದ ಬಗ್ಗೆ ಬರೆದ ಪುಸ್ತಕಗಳಲ್ಲಿ ಈ ಬಿರುಕು ಇವತ್ತಿಗೂ ಕಾಣುತ್ತದೆ.

ನಾಲ್ಕು ಬಾಗಿಲಿನ ಬಸದಿ

ಗೊಮ್ಮಟಗುಡ್ಡದ ಎದುರಿನ ಚಿಕ್ಕಬೆಟ್ಟದ ಮೇಲೆ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿಗೆ ಶಾಸನದ ಹೆಸರು ‘ತ್ರಿಭುವನತಿಲಕ ಜಿನಚೈತ್ಯಾಲಯ’. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಲ್ಲಿ ಹೊಕ್ಕರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರು ನಿಂತ ಬಿಂಬಗಳು. ಅಂದರೆ ಒಟ್ಟು ಹನ್ನೆರಡು. ಪಡುವಣ ದಿಕ್ಕಿನಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಚಿಕ್ಕ ಬಿಂಬಗಳೂ ಇವೆ. ಒಳಗೂ ಹೊರಗೂ ಸೇರಿ 108 ಕಂಬ. ಶಿಖರವಿಲ್ಲ. ಪೂರ್ತಿ ಕಗ್ಗಲ್ಲು.

ಶಿಖರವಿಲ್ಲದ್ದನ್ನು ಬಡತನವೆಂದು ತಿಳಿಯಬಾರದು. ತುಳುನಾಡಿನ ಬಸದಿಗಳು ಮಳೆಯನ್ನು ಮುಂದಿಟ್ಟುಕೊಂಡು ಹುಟ್ಟಿದ ಕಟ್ಟಡಗಳು. ಮೂಡುಬಿದಿರೆಯಲ್ಲಿ ಮರದ ಮನೆಯ ಇಳಿಜಾರು ಮಾಡನ್ನು ಕಲ್ಲು, ತಾಮ್ರಗಳಲ್ಲಿ ಅಂತಸ್ತು ಅಂತಸ್ತಾಗಿ ಏರಿಸಿದರು. ಅದನ್ನು ಕಂಡು ಜೇಮ್ಸ್ ಫರ್ಗ್ಯುಸನ್ನನಿಗೆ ನೇಪಾಳದ ನೆನಪಾಯಿತು. ಘಟ್ಟದ ಬುಡದ ಮಳೆ ಕಂಡವರಿಗೆ ನೇಪಾಳದವರೆಗೆ ಹೋಗುವ ಅಗತ್ಯ ಬೀಳುವುದಿಲ್ಲ. ಕಾರ್ಕಳದ ಚತುರ್ಮುಖದಲ್ಲಿ ಉದ್ದುದ್ದ ಕಲ್ಲುಚಪ್ಪಡಿಗಳನ್ನು ಸುತ್ತಲೂ ಇಳಿಜಾರಾಗಿ ಹೊದಿಸಿದ್ದಾರೆ. ಆಷಾಢದಲ್ಲಿ ಜಗಲಿಯ ಕಂಬಗಳ ನಡುವೆ ನಿಂತರೆ ಚಪ್ಪಡಿಯ ಅಂಚಿನಿಂದ ನೀರು ನಾಲ್ಕೂ ಕಡೆ ಪರದೆಯಂತೆ ಬೀಳುತ್ತದೆ. ಒಳಗಿನ ನೆಲಕ್ಕೆ ಹನಿ ತಾಗುವುದಿಲ್ಲ.

ಬಸದಿಯ ಶಾಸನ ಬಲು ವ್ಯಾವಹಾರಿಕವಾದದ್ದು. ನಿತ್ಯಪೂಜೆ ಯಾರು ಮಾಡಬೇಕು, ಅದರ ಖರ್ಚು ಎಲ್ಲಿಂದ ಬರಬೇಕು ಎಂಬುದನ್ನು ವಿವರವಾಗಿ ಕಾಣಿಸುತ್ತದೆ. ಅಕ್ಕಿಯ ಲೆಕ್ಕ ಮುಡಿಗಳಲ್ಲಿದೆ, ನಗದಿನ ಲೆಕ್ಕ ಗದ್ಯಾಣಗಳಲ್ಲಿ. ಆದಾಯ ಬಿಟ್ಟ ಊರುಗಳು ತೆಳ್ಳಾರು, ರೆಂಜಾಳ, ನಲ್ಲೂರು. ಈ ಮೂರೂ ಹೆಸರುಗಳು ಇವತ್ತಿಗೂ ಕಾರ್ಕಳದ ಬಸ್ಸುಗಳ ಬೋರ್ಡಿನಲ್ಲಿವೆ.

ಬಸದಿ ಹುಟ್ಟಿದ್ದರ ಹಿಂದೆ ಒಂದು ಐತಿಹ್ಯ. ಶೃಂಗೇರಿಯ ನರಸಿಂಹಭಾರತಿ ಸ್ವಾಮಿಗಳು ಕಾರ್ಕಳಕ್ಕೆ ಬಂದಾಗ, ದೇವಸ್ಥಾನವಿಲ್ಲದ ಊರಿನಲ್ಲಿ ತಾವು ಉಳಿಯುವುದು ಹೇಗೆಂದು ಕೇಳಿದರಂತೆ. ಅರಸ ಆಗಷ್ಟೇ ನೇಮಿನಾಥನಿಗಾಗಿ ಸಿದ್ಧವಾಗಿದ್ದ ಕಟ್ಟಡದಲ್ಲಿ ಅನಂತಶಯನನನ್ನು ನಿಲ್ಲಿಸಿಬಿಟ್ಟ. ಇದರಿಂದ ಜೈನ ಗುರುಗಳು ಮುನಿದರು. ಆ ಮುನಿಸನ್ನು ಕಳೆಯಲು ಚತುರ್ಮುಖ ಎದ್ದಿತು. ಕತೆಯ ಸತ್ಯಾಸತ್ಯ ಏನೇ ಇರಲಿ, ಅನಂತಪದ್ಮನಾಭ ದೇವಸ್ಥಾನ ಪೇಟೆಯಲ್ಲಿ ಇದೆ, ಸುತ್ತಲ ವೃತ್ತಕ್ಕೆ ಅನಂತಶಯನವೆಂದೇ ಹೆಸರು. ಎರಡು ಗುರುಪೀಠಗಳ ನಡುವೆ ಸಿಕ್ಕ ಅರಸನೊಬ್ಬ ಇಬ್ಬರಿಗೂ ಒಂದೊಂದು ಕಟ್ಟಿಸಿಕೊಟ್ಟು ಪಾರಾದ ಎಂದು ಊರು ನೆನಪಿಟ್ಟುಕೊಂಡಿದೆ. ರಾಜಕಾರಣದ ಪಾಠವಾಗಿ ಇದು ಕೆಟ್ಟದ್ದಲ್ಲ.

ಹಿರಿಯಂಗಡಿ ಹೆಸರೇ ಹೇಳುವಂತೆ ಹಳೆಯ ಪೇಟೆ. ನೇಮಿನಾಥ ಬಸದಿ, ಅದರ ಎದುರು ಐವತ್ತು ಅಡಿಗೂ ಮೀರಿದ ಮಾನಸ್ತಂಭ, ಅಕ್ಕಪಕ್ಕದಲ್ಲಿ ಸಣ್ಣ ಬಸದಿಗಳ ಸಾಲು. ಗೊಮ್ಮಟ, ಚತುರ್ಮುಖಗಳನ್ನು ನೋಡಿ ಹೊರಟುಬಿಡುವ ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಕೆತ್ತನೆಯ ಸೂಕ್ಷ್ಮದಲ್ಲಿ ಈ ಮಾನಸ್ತಂಭವೇ ಕಾರ್ಕಳದ ಅತ್ಯುತ್ತಮ ಕೆಲಸವೆಂದು ನನ್ನ ಮತ.

ರಥಬೀದಿ ಮತ್ತು ಅತ್ತೂರು

ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದ ಗೌಡ ಸಾರಸ್ವತರಿಗೆ ಭೈರರಸರು ನೆಲೆ ಕೊಟ್ಟರೆಂಬುದು ಸಮುದಾಯದ ನೆನಪು. ಅವರ ವೆಂಕಟರಮಣ ದೇವಸ್ಥಾನಕ್ಕೆ ಪಡುತಿರುಪತಿ, ಅಂದರೆ ಪಡುವಣ ತಿರುಪತಿ, ಎಂಬ ಹೆಸರು. ಎದುರಿಗೆ ವೀರಮಾರುತಿ ಗುಡಿ. ಕಾರ್ತಿಕದ ದೀಪೋತ್ಸವಕ್ಕೆ ರಥಬೀದಿ ಕಿಕ್ಕಿರಿಯುತ್ತದೆ. ರಾಜಧಾನಿ ಹೋದ ಮೇಲೂ ಊರು ಊರಾಗಿ ಉಳಿಯಲು ಈ ಬೀದಿಯ ವರ್ತಕರು ಮುಖ್ಯ ಕಾರಣ.

ನಿಟ್ಟೆಯ ದಾರಿಯಲ್ಲಿ ಸಿಗುವ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಇತಿಹಾಸ 1759ರಿಂದ ಆರಂಭ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಸಮುದಾಯವೂ ಚದುರಿತು. 1799ರ ನಂತರ ಮರಳಿದವರು ಮತ್ತೆ ಕಟ್ಟಿದರು. ಐತಿಹ್ಯದ ಪ್ರಕಾರ, ಹೊಸ ಇಗರ್ಜಿಗೆ ಜಾಗ ಹುಡುಕುತ್ತ ಹೊರಟ ಪಾದ್ರಿಯೊಬ್ಬರು ಸಂತನ ಮರದ ಪ್ರತಿಮೆಯನ್ನು ಪರ್ಪಲೆ ಗುಡ್ಡದ ಬುಡದಲ್ಲಿ ದಣಿವಾರಿಸಿಕೊಳ್ಳಲು ಕೆಳಗಿಟ್ಟರು, ಆಮೇಲೆ ಅದು ಮೇಲೇಳಲಿಲ್ಲ. ಅಲ್ಲಿಯೇ ಇಗರ್ಜಿ ಆಯಿತು. ಇಲ್ಲಿನ ಚಿಲುಮೆಯ ನೀರಿಗೆ ಪುಷ್ಕರಿಣಿ ಎನ್ನುತ್ತಾರೆ, ಹಬ್ಬಕ್ಕೆ ಅತ್ತೂರು ಸಾಂತ್‌ಮಾರಿ ಎನ್ನುತ್ತಾರೆ. ಲಾರೆನ್ಸ್ ರೋಮ್ ನಗರದಲ್ಲಿ 258ರಲ್ಲಿ ಹುತಾತ್ಮನಾದ ಧರ್ಮಸೇವಕ. ಚರ್ಚಿನ ಪಂಚಾಂಗದಲ್ಲಿ ಅವನ ದಿನ ಆಗಸ್ಟ್ 10. ಆದರೆ ಆಗಸ್ಟಿನ ಮಳೆಯಲ್ಲಿ ಕಾರ್ಕಳದಲ್ಲಿ ಜಾತ್ರೆ ನಡೆಯುವುದುಂಟೇ? ಸಾಂತ್‌ಮಾರಿ ಜನವರಿ ಕೊನೆಯ ವಾರದ್ದು, ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು. ಮೊಂಬತ್ತಿ ಹಚ್ಚುವವರಲ್ಲಿ ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲರೂ ಇರುತ್ತಾರೆ. 2016ರಲ್ಲಿ ವ್ಯಾಟಿಕನ್ ಇದನ್ನು ಕಿರಿಯ ಬೆಸಿಲಿಕವೆಂದು ಘೋಷಿಸಿತು.

ಅರಮನೆ ಉಳಿಯಲಿಲ್ಲ

1565ರಲ್ಲಿ ವಿಜಯನಗರ ಬಿದ್ದ ಮೇಲೆ ಘಟ್ಟದ ಮೇಲೆ ಇಕ್ಕೇರಿ ನಾಯಕರು ಬಲಿತರು. ವೆಂಕಟಪ್ಪ ನಾಯಕನ ಕಾಲಕ್ಕೆ ತುಳುನಾಡಿನ ಜೈನ ಅರಸುಮನೆಗಳು ಒಂದೊಂದಾಗಿ ಅವನ ಅಂಕೆಗೆ ಬಂದವು. 1623ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಇಕ್ಕೇರಿಯ ಆಸ್ಥಾನವನ್ನೂ ಕಂಡ, ನೀರಿನ ಕೆಲಸದ ಉಸ್ತುವಾರಿಗೆ ಬರಿಗಾಲಲ್ಲಿ ಹೊರಟಿದ್ದ ಉಳ್ಳಾಲದ ರಾಣಿಯನ್ನೂ ಕಂಡ. ಅವನ ಪತ್ರಗಳಲ್ಲಿ ತುಳುನಾಡಿನ ಸಣ್ಣ ರಾಜ್ಯಗಳು ದೊಡ್ಡ ನಾಯಕನ ನೆರಳಿನಲ್ಲಿ ಹೇಗೆ ಬಾಳುತ್ತಿದ್ದವೆಂಬ ಚಿತ್ರ ಸಿಗುತ್ತದೆ. ಕಾರ್ಕಳದ ಪಾಡೂ ಬೇರೆಯಾಗಿರಲಿಲ್ಲ. ಬರಬರುತ್ತ ಭೈರರಸರ ಸೀಮೆ ಇದೇ ಇಕ್ಕೇರಿ ನಾಯಕರ ರಾಜ್ಯದಲ್ಲಿ ಕರಗಿತು. 1763ರಲ್ಲಿ ಅವರ ರಾಜಧಾನಿ ಬಿದನೂರಿನ ಜೊತೆ ಹೈದರನಿಗೆ, 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1801ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಅಂಗಡಿಕಾರರ ಮನೆಗಳೇ ಹೆಚ್ಚಾಗಿದ್ದ ಒಂದು ಬಯಲು ಪೇಟೆ ಮತ್ತು ಅದರ ಬಳಿ ಭೈರರಸರ ಅರಮನೆಯ ಹಾಳು. ಮಣ್ಣು, ಮರದ ಅರಮನೆ ಮಳೆಗೆ ಕರಗಿತ್ತು. ದೇವರಿಗೆ ಕಟ್ಟಿಸಿದ್ದಷ್ಟೇ ನಿಂತಿತ್ತು. ಮುಂದೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ, 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಉಡುಪಿ ಜಿಲ್ಲೆ. ಈಚೆಗೆ ಕಾರ್ಕಳ ತಾಲ್ಲೂಕಿನಿಂದ ಹೆಬ್ರಿ ಬೇರೆಯಾದಾಗ, ಕೆರೆಯ ನಡುವಿನ ಬಸದಿಗೆ ಹೆಸರಾದ ವರಂಗವೂ ಅದರ ಜೊತೆ ಹೋಯಿತು.

ಕವಿಗಳು

ರತ್ನಾಕರವರ್ಣಿ ಮೂಡುಬಿದಿರೆಯವನಾದರೂ ಭೈರರಸನ ಆಸ್ಥಾನದಲ್ಲಿದ್ದವನೆಂದು ಪರಂಪರೆ. ಅರಮನೆಯ ಹುಡುಗಿಯೊಬ್ಬಳ ಜೊತೆಗಿನ ಅವನ ಪ್ರೇಮದ ಕತೆಗಳು ಕಾರ್ಕಳದಲ್ಲೇ ನಡೆಯುತ್ತವೆ. ಅವನ ‘ಭರತೇಶ ವೈಭವ’ ಸಾಂಗತ್ಯದ ಮೇರುಕೃತಿ. ಅದರ ಒಂದು ವಿಶೇಷವನ್ನು ಕಾರ್ಕಳದ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಬಾಹುಬಲಿಯ ಮಹಾಮೂರ್ತಿ ಕಣ್ಣೆದುರಿಗಿದ್ದ ಸೀಮೆಯಲ್ಲಿ ಕೂತು ಈ ಕವಿ ಅಣ್ಣ ಭರತನನ್ನೇ ನಾಯಕನನ್ನಾಗಿ ಮಾಡಿದ. ಪೂರ್ವದ ಕವಿಗಳು ಉತ್ಸಾಹದಿಂದ ಬಣ್ಣಿಸಿದ ಅಣ್ಣತಮ್ಮಂದಿರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಅವನು ನಡೆಸುವುದೇ ಇಲ್ಲ. ಭರತ ಮಾತಿನಿಂದಲೇ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ. ಗದ್ದುಗೆಯಲ್ಲಿದ್ದೂ ಯೋಗಿಯಾಗಿರಬಹುದು ಎಂಬುದು ಅವನ ವಾದ. ತೊರೆದವನ ಮೂರ್ತಿಯನ್ನು ನಿಲ್ಲಿಸಿದ ಅರಸರಿಗೆ ಆ ವಾದ ಹಿತವಾಗಿಯೇ ಕೇಳಿಸಿರಬೇಕು.

ತಾಲ್ಲೂಕಿನ ನಂದಳಿಕೆ ಸಿರಿಜಾತ್ರೆಗೆ ಹೆಸರಾದ ಊರು, ಮುದ್ದಣನ ಊರೂ ಹೌದು. ಮುದ್ದಣನೆಂಬ ಹೆಸರಿನ ಕವಿ ನಂದಳಿಕೆ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ, ಕ್ಷಯಕ್ಕೆ ತುತ್ತಾಗಿ ತೀರಿಕೊಂಡದ್ದು 1901ರಲ್ಲಿ. ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಈತ ತನ್ನ ಕೃತಿಗಳನ್ನು ಯಾರೋ ಹಳೆಯ ಕವಿಯದೆಂಬಂತೆ ಪ್ರಕಟಣೆಗೆ ಕಳಿಸಿದ. ಇಲ್ಲಿಯೂ ಮಾಡಿದವನ ಹೆಸರು ಮರೆ, ಈ ಸಲ ತನ್ನ ಇಷ್ಟದಿಂದಲೇ. ನಮ್ಮ ಕಾಲದಲ್ಲಿ, ಕಾರ್ಕಳದಿಂದ ವಿಧಾನಸಭೆಗೆ ಹೋಗಿ 1992ರಿಂದ 1994ರವರೆಗೆ ಮುಖ್ಯಮಂತ್ರಿಯಾಗಿದ್ದ ಎಂ. ವೀರಪ್ಪ ಮೊಯಿಲಿ ಬಾಹುಬಲಿಯ ಕುರಿತು ಬರೆದ ಮಹಾಕಾವ್ಯಕ್ಕೆ 2020ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮತ್ತೆ ಬಂಡಿಯೇರಿದ ಗೊಮ್ಮಟ

ಕಾರ್ಕಳದ ಕಲ್ಲುಕೆಲಸ ಭೈರರಸರ ಜೊತೆ ಮುಗಿಯಲಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಡಿ. ರತ್ನವರ್ಮ ಹೆಗ್ಗಡೆಯವರು ತಮ್ಮ ಕ್ಷೇತ್ರದಲ್ಲೊಂದು ಬಾಹುಬಲಿ ಮೂರ್ತಿ ನಿಲ್ಲಬೇಕೆಂದು ಬಯಸಿದಾಗ ಕಲ್ಲನ್ನೂ ಶಿಲ್ಪಿಯನ್ನೂ ಹುಡುಕಿಕೊಂಡು ಬಂದದ್ದು ಇಲ್ಲಿಗೆ. ಮಂಗಳಪಾದೆಯ ಬಂಡೆಯಲ್ಲಿ 1967ರಿಂದ ಆರೇಳು ವರ್ಷ ಉಳಿಯ ಸದ್ದು. ಕೆತ್ತಿದವರು ರೆಂಜಾಳ ಗೋಪಾಲ ಶೆಣೈ, ಆಗಲೇ ಇಳಿವಯಸ್ಸಿನಲ್ಲಿದ್ದವರು. ಚತುರ್ಮುಖ ಬಸದಿಗೆ ಆದಾಯ ಬಿಟ್ಟ ಊರುಗಳಲ್ಲಿ ರೆಂಜಾಳವೂ ಒಂದೆಂಬುದು ಮೇಲೆ ಬಂದಿದೆ; ಅದೇ ಊರಿನ ಹೆಸರು ಹೊತ್ತ ಮನೆತನದಿಂದ ಈ ಶಿಲ್ಪಿ ಬಂದರು. ರತ್ನವರ್ಮ ಹೆಗ್ಗಡೆಯವರು 1968ರಲ್ಲಿ ತೀರಿಕೊಂಡರು, ಮಗ ವೀರೇಂದ್ರ ಹೆಗ್ಗಡೆ ಕೆಲಸವನ್ನು ಮುಂದುವರಿಸಿದರು. 1973ರಲ್ಲಿ 39 ಅಡಿಯ ಮೂರ್ತಿ ಹತ್ತಾರು ಗಾಲಿಗಳ ಟ್ರೇಲರಿನ ಮೇಲೆ ಮಲಗಿಕೊಂಡು ಕಾರ್ಕಳದಿಂದ ಧರ್ಮಸ್ಥಳಕ್ಕೆ ಹೊರಟಿತು. ದಾರಿಯುದ್ದಕ್ಕೂ ಜನ. ಚಂದ್ರಮ ಕವಿಯ ಬಂಡಿಯ ವರ್ಣನೆಯನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಿದ್ದವರಿಗೆ ಅದು ಕಣ್ಣೆದುರಿಗೇ ನಡೆಯಿತು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆ, ಮಹಾಮಸ್ತಕಾಭಿಷೇಕ.

ಹಳೆಯ ಐತಿಹ್ಯದಲ್ಲಿ ಬೇರೆಯವರ ಗೊಮ್ಮಟನನ್ನು ಕಸಿಯಲು ದಂಡು ಹೊರಡಿಸಿದ ಕಾರ್ಕಳ ಈ ಸಲ ತಾನೇ ಕೆತ್ತಿ ಬೀಳ್ಕೊಟ್ಟಿತು. ಶಿಲ್ಪಿಯ ಹೆಸರೂ ಈ ಸಲ ಮರೆಯಾಗಲಿಲ್ಲ. ಧರ್ಮಸ್ಥಳದ ಮೂರ್ತಿಯ ಮಾತು ಬಂದಲ್ಲೆಲ್ಲ ಶೆಣೈಯವರ ಹೆಸರು ಬರುತ್ತದೆ. ಕಾರ್ಕಳದ ಹತ್ತಿರದ ನೆಲ್ಲಿಕಾರಿನ ಮೆದು ಕಪ್ಪುಶಿಲೆಗೆ ದೇವರ ಬಿಂಬ ಕೆತ್ತುವವರಲ್ಲಿ ಬೇಡಿಕೆಯಿದೆ. ಕಂಬಳಕ್ಕೂ ಹೆಸರಾದ ಪಕ್ಕದ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಹುಡುಗರಿಗೆ ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತದೆ.

ತಾಲ್ಲೂಕಿನ ಬೈಲೂರಿನ ಉಮಿಕ್ಕಳ ಗುಡ್ಡದ ಮೇಲೆ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮ ಥೀಮ್ ಪಾರ್ಕಿನ ಪ್ರತಿಮೆ ಇನ್ನೊಂದು ಬಗೆಯ ಸುದ್ದಿ ಮಾಡಿತು. ಅದನ್ನು ಯಾವ ವಸ್ತುವಿನಿಂದ ಮಾಡಲಾಗಿದೆ ಎಂಬುದೇ ವಿವಾದವಾಗಿ, ರಾಜಕೀಯ ಕೆಸರೆರಚಾಟಕ್ಕೂ ತನಿಖೆಗೂ ಕಾರಣವಾಯಿತು.

ಇಂದಿನ ಪಟ್ಟಣ

ಗೇರುಬೀಜದ ಕಾರ್ಖಾನೆಗಳು, ಕಲ್ಲುಕೋರೆಗಳು, ಕೊಲ್ಲಿ ದೇಶಗಳಿಂದಲೂ ಮುಂಬಯಿಯಿಂದಲೂ ಬರುವ ದುಡ್ಡು ಇವತ್ತಿನ ಕಾರ್ಕಳದ ಆಧಾರ. ‘ಕಾರ್ಲ ಕಜೆ’ ಎಂಬ ಹೆಸರಿನಲ್ಲಿ ಇಲ್ಲಿನ ಕೆಂಪು ಕುಚ್ಚಲಕ್ಕಿಯನ್ನು ಈಚೆಗೆ ಮಾರುಕಟ್ಟೆಗೆ ತಂದಿದ್ದಾರೆ. 1960ರಲ್ಲಿ ಶುರುವಾದ ಭುವನೇಂದ್ರ ಕಾಲೇಜು ಸುತ್ತಲ ಹಳ್ಳಿಗಳ ಮೊದಲ ಪದವೀಧರರನ್ನು ಹೊರತಂದಿತು. ನಿಟ್ಟೆಯ ಇಂಜಿನಿಯರಿಂಗ್ ಕಾಲೇಜು 1986ರದು. ಜೈನರ ಸಂಖ್ಯೆ ಈಗ ಬಲು ಕಡಿಮೆ. ಬಸದಿಗಳ ನಿತ್ಯಪೂಜೆ ಮಠದ ಮತ್ತು ಕೆಲವೇ ಮನೆತನಗಳ ಹೊಣೆ. ಗೊಮ್ಮಟ, ಚತುರ್ಮುಖ ಬಸದಿ, ಹಿರಿಯಂಗಡಿಯ ಮಾನಸ್ತಂಭ, ಅನಂತಪದ್ಮನಾಭ ದೇವಸ್ಥಾನಗಳು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಊರಿನ ಸುತ್ತ ಬಂಡೆ ಒಡೆಯುವ ಕೆಲಸ ಮಾತ್ರ ಅದರ ಪಾಡಿಗೆ ನಡೆದಿದೆ.

ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಪದ್ಧತಿ. 2002ರಲ್ಲಿ ಒಮ್ಮೆ ನಡೆಯಿತು, ಅದರ ನಂತರದ್ದು 2015ರ ಜನವರಿಯಲ್ಲಿ. ಆಗ ಮೂರ್ತಿಯ ಹಿಂಬದಿಗೆ ಅಟ್ಟಳಿಗೆ ಕಟ್ಟಿ ನೀರು, ಎಳನೀರು, ಹಾಲು, ಕಬ್ಬಿನರಸ, ಅರಿಸಿನ, ಚಂದನಗಳ ಕಲಶಗಳನ್ನು ತಲೆಯ ಮೇಲಿಂದ ಸುರಿಯುತ್ತಾರೆ. ಉಳಿದ ದಿನಗಳಲ್ಲಿ ಗುಡ್ಡ ಬಿಕೋ ಎನ್ನುತ್ತದೆ. ನೋಡಲು ಬರುವವರು ಬೆಳಿಗ್ಗೆ ಬೇಗ ಬರುವುದು ಒಳ್ಳೆಯದು. ಪ್ರಾಕಾರದೊಳಗೆ ಬರಿಗಾಲಲ್ಲೇ ನಡೆಯಬೇಕು, ಮಾರ್ಚ್–ಏಪ್ರಿಲಿನ ಮಧ್ಯಾಹ್ನ ಬಂಡೆ ಅಂಗಾಲು ಸುಡುತ್ತದೆ. ಮಳೆಗಾಲದಲ್ಲಿ ಅದೇ ಬಂಡೆ ಪಾಚಿಗಟ್ಟಿ ಜಾರುತ್ತದೆ, ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿಯಬಾರದು.